ವಾಯಿಯಲ್ಲಿ ಎರಡು ತಾಸು

ಅವ್ವನಿಗೆ ಕೃಷ್ಣೆಯ ಉಗಮ ತೋರಿಸಲೆಂದು ಪುಣೆಯಿಂದ ಹೊರಟ ನಮ್ಮ ಹಳೆಯ ಕಾರು ವಾಯಿಯಲ್ಲೇ ಮುಷ್ಕರ ಹೂಡಿತು. ಒಂದು ಸ್ಪಾರ್ಕ್ ಪ್ಲಗ್ಗು ಕೆಟ್ಟಿತ್ತು. ಮುಂದೆ ಪಸರಣಿ ಘಾಟು. ಮೂರೇ ಸಿಲಿಂಡರಿನಿಂದ ಏರುವಂತಿರಲಿಲ್ಲ. ಪ್ಲಗ್ಗು ಕಚ್ಚಿಕೊಂಡುಬಿಟ್ಟಿತ್ತು. ನಾವು ಪಾನಾ ಹಾಕಿ ಜಗ್ಗುವುದನ್ನು ಕಂಡು ಎದುರಿನ ಸೈಕಲ್ ಅಂಗಡಿಯ ಅಜ್ಜ ಓಡಿಬಂದು ಕೈಯನ್ನೇ ಹಿಡಿದ. ಪ್ಲಗ್ಗು ಉಕ್ಕಿನದು, ಹೆಡ್ಡು ಮೆತ್ತನೆಯ ಅಲ್ಯೂಮಿನಿಯಮ್ಮಿನದು. ಬಿಸಿಯಲ್ಲಿ ಜಗ್ಗಿದರೆ ಹೆಡ್ಡಿನ ಥ್ರೆಡ್ಡೇ ಕಿತ್ತು ಬಂದೀತು, ಆಮೇಲೆ ಕಾರು ಲಾರಿಯ ಮೇಲೆ ಪುಣೆಗೆ ಎಂದು ಮರಾಠಿಯಲ್ಲಿ ಗದರಿದ.

ಇಂಜಿನ್ನು ತಣಿಯುವವರೆಗೆ ಅವ್ವನೊಡನೆ ಢೋಲ್ಯಾ ಗಣಪತಿಯ ಬಳಿ ಹೊಳೆಯ ಮೆಟ್ಟಿಲ ಮೇಲೆ ಕುಳಿತೆವು. ಜಮಖಂಡಿಯ ಕಡೆ ಹರವಾಗಿ ಕಂಡ ಹೊಳೆ ಇಲ್ಲಿ ಇಷ್ಟೇ! "ಕೂಸಿದ್ದಾಗ ಹಿಂಗಿದ್ಲೇನೋ?" ಎಂದಳು ಅವ್ವ.

ಮರಳಿದಾಗ ಅಜ್ಜ ಸೈಕಲ್ ಪಂಪಿನಿಂದ ಪ್ಲಗ್ಗಿನ ಸುತ್ತಲಿನ ಧೂಳು ಊದಿ, ಬುಡಕ್ಕೆ ಡೀಸೆಲ್ಲು ಬೆರೆಸಿದ ಎಣ್ಣೆ ಹನಿಸಿದ್ದ. ಪಾನಾದ ಹಿಡಿಕೆಗೆ ಹಳೆಯ ಸೈಕಲ್ಲಿನ ಸೀಟಿನ ಪೈಪು ತೊಡಿಸಿ, ಮೊದಲು ಕೂದಲೆಳೆಯಷ್ಟು ಬಿಗಿದ, ಆಮೇಲೆ ಸಡಿಲಿಸಿದ. ಕಿರ್ರೆಂದಿತೋ, ಮತ್ತೆ ಹಿಂದಕ್ಕೆ, ಮತ್ತೆರಡು ಹನಿ. ನಮಗೆ ಉಸಿರೇ ಇಲ್ಲ. ಕೊನೆಗೆ ಬಂತು, ಥ್ರೆಡ್ಡಿಗೆ ಅಲ್ಯೂಮಿನಿಯಮ್ಮಿನ ಚೂರೊಂದೂ ಅಂಟಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಹೊಸ ಪ್ಲಗ್ಗನ್ನು ಬರಿಯ ಬೆರಳಿನಿಂದಲೇ ತಿರುವಿ ಕೂರಿಸಿ, ಕಡೆಗಷ್ಟೇ ಪಾನಾ ಮುಟ್ಟಿಸಿದ.

ಸಂಜೆ ಹಳೆಯ ಮಹಾಬಳೇಶ್ವರದ ಪಂಚಗಂಗಾ ಗುಡಿಯಲ್ಲಿ ಕಲ್ಲಿನ ಗೋಮುಖದ ನೀರಿಗೆ ಅವ್ವ ಬೊಗಸೆಯೊಡ್ಡಿದಳು. ನಮ್ಮ ಕೈಗಳಲ್ಲಿ ಇನ್ನೂ ಮಸಿಯಿತ್ತು.