ಗೋಕರ್ಣದಲ್ಲಿ ದರ್ಶನ ಮುಗಿದ ಮೇಲೆ ಗುಡ್ಡದ ದಾರಿ

ಗೋಕರ್ಣಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. "ಮಹಾಬಲೇಶ್ವರನ ದರ್ಶನ ಆಯಿತು, ಗಣಪತಿಗೆ ಕೈಮುಗಿದೆವು, ಕೋಟಿತೀರ್ಥ ನೋಡಿದೆವು, ಸಮುದ್ರದಲ್ಲಿ ಕಾಲು ತೋಯಿಸಿಕೊಂಡು ಬಸ್ಸು ಹತ್ತಿದೆವು" ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಗೋಕರ್ಣ ಇಷ್ಟೇ. ಊರಿನ ದಕ್ಷಿಣಕ್ಕೆ ಒಂದು ಗುಡ್ಡ, ಅದರಾಚೆ ಇನ್ನೊಂದು, ಆ ಗುಡ್ಡಗಳ ಮಡಿಲಲ್ಲಿ ಒಂದಾದ ಮೇಲೊಂದು ನಾಲ್ಕು ಮರಳ ತೀರಗಳು, ಅವನ್ನೆಲ್ಲ ಕೂಡಿಸುವ ಒಂದು ಕಾಲುದಾರಿ. ಅದೆಲ್ಲ ಬೆನ್ನಿಗೆ ಚೀಲ ಕಟ್ಟಿಕೊಂಡ ವಿದೇಶಿಯರದ್ದು, ಕಾಲೇಜು ಹುಡುಗರದ್ದು ಅಂತ ನಾವು ಬಿಟ್ಟುಕೊಟ್ಟಿದ್ದೇವೆ. ಯಾಕೆ ಬಿಟ್ಟುಕೊಡಬೇಕು?

ನಮ್ಮ ಉತ್ತರ ಕನ್ನಡದಲ್ಲಿ ಒಂದು ಗಾದೆ ಇದೆ. ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಅಂತ. ಆ ಕಾಲದಲ್ಲಿ ಯಾಣದ ಕಾಡು ಹೊಗಲು ಮೈಯಲ್ಲಿ ಕಸುವು ಬೇಕಿತ್ತು, ಗೋಕರ್ಣದಲ್ಲಿ ದಾನ ದಕ್ಷಿಣೆಗೆ ಕೈಯಲ್ಲಿ ಕಾಸು ಬೇಕಿತ್ತು. ನಾನು ಹೇಳುವ ದಾರಿಗೆ ರೊಕ್ಕ ಬೇಡವೇ ಬೇಡ. ಸೊಕ್ಕು ಮಾತ್ರ ಚೂರು ಬೇಕು.

ಗೋಕರ್ಣಕ್ಕೆ ಬರುವುದು ಈಗ ಸುಲಭ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದರೆ ಆಯಿತು. ಕುಮಟಾ, ಅಂಕೋಲೆಗಳಿಂದ ಬಸ್ಸುಗಳೂ ಇವೆ. ರಾತ್ರಿ ಊರಲ್ಲೇ ಉಳಿಯಿರಿ, ಬೆಳಿಗ್ಗೆ ಆರೂವರೆಗೆಲ್ಲ ಹೊರಡಿ. ಗುಡ್ಡವೆಲ್ಲ ಚೀರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಹತ್ತು ಗಂಟೆ ಆಯಿತೆಂದರೆ ಕಾವಲಿಯ ಹಾಗೆ ಕಾಯುತ್ತದೆ.

ಊರ ಕಡಲ ದಂಡೆಯ ದಕ್ಷಿಣದ ತುದಿಗೆ ರಾಮತೀರ್ಥ. ರಾಮನ ಗುಡಿಯ ಪಕ್ಕದಲ್ಲಿ ಗುಡ್ಡದೊಳಗಿನಿಂದ ಸಿಹಿನೀರು ಬರುತ್ತದೆ. ಎದುರಿಗೆ ಅಷ್ಟು ದೊಡ್ಡ ಉಪ್ಪಿನ ಸಮುದ್ರ, ಇಲ್ಲಿ ಬೊಗಸೆಯಲ್ಲಿ ಸಿಹಿನೀರು! ಅಲ್ಲಿಂದ ಮೇಲೆ ಹತ್ತಬೇಕು. ಏರು ಹೆಚ್ಚೇನಿಲ್ಲ, ಆದರೆ ಮೊದಲ ಹತ್ತು ನಿಮಿಷ ಎದೆ ಬಡಿದುಕೊಳ್ಳುತ್ತದೆ. ನಿಂತು ನಿಂತು ಹತ್ತಿ. ಮೇಲೆ ಬಂದು ಹಿಂತಿರುಗಿ ನೋಡಿದರೆ ಊರು, ತೆಂಗಿನ ತೋಟ, ಉದ್ದಾನುದ್ದ ಮರಳು ಎಲ್ಲ ಕಾಲಕೆಳಗೆ. ಆಚೆ ಇಳಿದರೆ ಕುಡ್ಲೆ. ಅರ್ಧ ಗಂಟೆಯ ನಡಿಗೆ, ಅಷ್ಟೇ. ಕುಡ್ಲೆಯಲ್ಲಿ ಒಣ ಮರಳಲ್ಲಿ ನಡೆಯಬೇಡಿ, ಹೆಜ್ಜೆ ಹೂತು ಮೀನಖಂಡ ಹಿಡಿದುಕೊಳ್ಳುತ್ತದೆ. ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿ, ಅದರ ಮೇಲೆ ನಡೆಯಿರಿ.

ಕುಡ್ಲೆಯ ಕೊನೆಯಲ್ಲಿ ಎರಡನೇ ಗುಡ್ಡ. ಅದನ್ನು ದಾಟಿದರೆ ಓಂ ತೀರ. ಎರಡು ಅರ್ಧಚಂದ್ರ ಸೇರಿದ ಹಾಗೆ ಮರಳು ಬಾಗಿದೆ, ನಡುವೆ ಬಂಡೆಗಳು ಸಮುದ್ರಕ್ಕೆ ಚಾಚಿಕೊಂಡಿವೆ. ಮೇಲಿನಿಂದ ನೋಡಿದಾಗಲೇ ಆ ಹೆಸರು ಯಾಕೆ ಬಂತೆಂದು ತಿಳಿಯುವುದು, ಕೆಳಗೆ ನಿಂತವರಿಗೆ ಬರೀ ಮರಳು ಕಾಣುತ್ತದೆ. ಇಲ್ಲಿಯ ತನಕ ಊರಿಂದ ಡಾಂಬರು ರಸ್ತೆ ಇದೆ, ಆಟೋ ಸಿಗುತ್ತದೆ. ಮಂಡಿನೋವು ಇರುವವರು, ಬಿಸಿಲು ತಡೆಯದವರು ಚಹಾ ಕುಡಿದು ಇಲ್ಲಿಂದಲೇ ಹಿಂದಿರುಗಬಹುದು.

ನಾನೂ ಹಾಗೇ ಹಿಂದಿರುಗೋಣ ಅಂದಿದ್ದೆ. ನನ್ನ ಜೊತೆ ಅಕ್ಕ ಇದ್ದಳು. ಪಿತೃಕಾರ್ಯಕ್ಕೆ ಗೋಕರ್ಣ ಹೆಸರಾದ ಕ್ಷೇತ್ರ ಅಲ್ಲವೇ? ಭಾವನವರ ವರ್ಷದ ಕಾರ್ಯಕ್ಕೆಂದು ನಾವೆಲ್ಲ ಬಂದಿದ್ದು. ಕಾರ್ಯ ಮುಗಿದ ಮರುದಿನ ಬೆಳಿಗ್ಗೆ, "ಎಲ್ಲಿಗಾದರೂ ಸ್ವಲ್ಪ ನಡೆದು ಬರೋಣ ಬಾರೇ" ಎಂದಳು. ವರ್ಷದಿಂದ ಮನೆಯ ಅಂಗಳ ದಾಟಿದವಳಲ್ಲ. ಸ್ವಲ್ಪ ಅಂದದ್ದು ಓಂ ತೀರದ ತನಕ ಬಂದಿತ್ತು. ಆಟೋ ತೋರಿಸಿದೆ. ಅವಳು ಆ ಕಡೆ ನೋಡಲೇ ಇಲ್ಲ. "ಆಚೆಗೆ ಏನಿದೆ ನೋಡಿಕೊಂಡೇ ಹೋಗೋಣ" ಅಂತ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು.

ಈ ದಾರಿಯ ಸೊಗಸೆಲ್ಲ ಇರುವುದು ಓಂ ದಾಟಿದ ಮೇಲೆ. ಮುಂದಿನ ಹಾಫ್ ಮೂನ್ ತೀರಕ್ಕೆ ರಸ್ತೆ ಇಲ್ಲ. ಕಾಲಲ್ಲಿ ನಡೆಯಬೇಕು, ಇಲ್ಲವೇ ದೋಣಿಯಲ್ಲಿ ಬರಬೇಕು. ಗುಡ್ಡದ ಸೊಂಟದಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ದಾರಿ. ಬಲಕ್ಕೆ ತುಂಬಾ ಕೆಳಗೆ ಸಮುದ್ರ, ಎಡಕ್ಕೆ ಗೇರು, ಕವಳಿ ಮಟ್ಟಿ, ಹೆಸರು ತಿಳಿಯದ ನೂರು ಗಿಡ. ನೆರಳಲ್ಲಿ ಹೋಗುತ್ತಿದ್ದ ಹಾಗೆ ಮರಗಳ ನಡುವೆ ಒಮ್ಮೆಲೇ ನೀಲಿ ಕಾಣುತ್ತದೆ, ಮತ್ತೆ ಮುಚ್ಚಿಹೋಗುತ್ತದೆ. ಎದುರಿಗೆ ಹಾಲಕ್ಕಿ ಹೆಂಗಸೊಬ್ಬಳು ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ಬರಿಗಾಲಲ್ಲಿ ಬಂದಳು. ಕೊರಳ ತುಂಬ ಮಣಿಸರ. "ಇನ್ನೆಷ್ಟು ದೂರವಮ್ಮ?" ಎಂದು ಅಕ್ಕ ಕೇಳಿದರೆ, "ಇಲ್ಲೇ" ಅಂದಳು. ಅವಳ 'ಇಲ್ಲೇ' ನಮಗೆ ಇಪ್ಪತ್ತು ನಿಮಿಷವಾಯಿತು!

ಇವರ ಕಾಲಿಗೆ ಗುಡ್ಡವೇ ಅಂಗಳ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರೂ ಹಾಲಕ್ಕಿಯವರೇ. ಶಾಲೆಯ ಮೆಟ್ಟಿಲು ಹತ್ತದೆ, ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಿನಗೂಲಿಗೆ ದುಡಿಯುತ್ತ, ಯಾವ ಬೀಜ ಯಾವ ಮರದ್ದು, ಯಾವಾಗ ಆರಿಸಬೇಕು ಎಂಬುದನ್ನೆಲ್ಲ ಕಲಿತವರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ತಮ್ಮದೇ ಉಡುಗೆಯಲ್ಲಿ, ಬರಿಗಾಲಲ್ಲಿ ನಡೆದು ಪದ್ಮಶ್ರೀ ತೆಗೆದುಕೊಂಡದ್ದನ್ನು ನೀವೂ ನೋಡಿರಬಹುದು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಗುಡ್ಡ ಹತ್ತುವುದು ಗಂಡಸರ ಕೆಲಸ ಅನ್ನುವವರಿಗೆ ಈ ಒಂದು ಹೆಸರು ಹೇಳಿದರೆ ಸಾಕು.

ಹಾಫ್ ಮೂನ್ ಎಂದರೆ ಅಂಗೈಯಗಲದ ತೀರ. ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅಕ್ಕ ಕಾಲು ಚಾಚಿ ಅವಲಕ್ಕಿ ತಿಂದಳು, ಇನ್ನೊಂದಿಷ್ಟು ಹಾಕು ಅಂತ ತಟ್ಟೆ ಮುಂದೆ ಮಾಡಿದಳು. ಭಾವ ಹೋದ ಮೇಲೆ ಅವಳು ಎರಡನೇ ಸಲ ಹಾಕಿಸಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಬುತ್ತಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ತೆಂಗಿನಕಾಯಿ ಹಾಕಿದ ಯಾವುದನ್ನೂ ಒಯ್ಯಬೇಡಿ, ಬಿಸಿಲಿಗೆ ಹಳಸುತ್ತದೆ. ಕಾಯಿ ಹಾಕದ ಒಗ್ಗರಣೆ ಅವಲಕ್ಕಿ, ಚಪಾತಿ, ನಿಂಬೆ ಉಪ್ಪಿನಕಾಯಿ, ಒಂದು ತುಂಡು ಬೆಲ್ಲ ಸಾಕು. ಓಂ ದಾಟಿದ ಮೇಲೆ ನೀರು ಸಿಕ್ಕೀತೆಂದು ನೆಚ್ಚಬೇಡಿ, ತಲೆಗೆ ಎರಡು ಲೀಟರಾದರೂ ಇರಲಿ. ಒಣಗಿಸಿದ ಮುರುಗಲು ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಕಿವುಚಿ, ಉಪ್ಪು ಬೆಲ್ಲ ಜೀರಿಗೆ ಪುಡಿ ಕೂಡಿಸಿ ಬಾಟಲಿಗೆ ತುಂಬಿದರೆ ದಾಹಕ್ಕೆ ಅದರಂಥದ್ದಿಲ್ಲ. ಖಾಲಿ ಬಾಟಲಿ ಚೀಲದಲ್ಲೇ ವಾಪಸು ತನ್ನಿ.

ಸೀರೆಯಲ್ಲಿ ಆಗದು ಅನ್ನುವವರನ್ನು ನಂಬಬೇಡಿ. ಹತ್ತಿಯ ಸೀರೆ ಗೇಣು ಮೇಲೆ ಉಟ್ಟರೆ ಆಯಿತು. ಚೂಡಿದಾರ ಇನ್ನೂ ಹಗುರ. ಕಾಲಿಗೆ ಮಾತ್ರ ಹಿಂದೆ ಪಟ್ಟಿ ಇರುವ ಚಪ್ಪಲಿಯೋ ಕ್ಯಾನ್ವಾಸ್ ಬೂಟೋ ಬೇಕು, ಚೀರೆಕಲ್ಲಿನ ಪುಡಿ ಇಳಿಜಾರಿನಲ್ಲಿ ಜಾರುತ್ತದೆ. ಒಬ್ಬೊಬ್ಬರೇ ಹೋಗದೆ ಮೂರು ನಾಲ್ಕು ಜನ ಜೊತೆಯಾಗಿ, ಕತ್ತಲಾಗುವ ಮೊದಲು ಊರು ಸೇರಿ.

ಇನ್ನು ಸಮುದ್ರದ ವಿಷಯ. ಹಾಫ್ ಮೂನ್‌ನಿಂದ ಪ್ಯಾರಡೈಸ್ ತೀರಕ್ಕೆ ಹೋಗುವಾಗ ಬಂಡೆಗಳ ಮೇಲೆ ಕಾಲಿಡಬೇಕಾಗುತ್ತದೆ, ಭರತಿ ಇದ್ದಾಗ ಅಲೆ ಅಲ್ಲಿಯ ತನಕ ಹೊಡೆಯುತ್ತದೆ. ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಉಬ್ಬರ ಜೋರು. ನಮಗೆ ಪಂಚಾಂಗ ನೋಡುವ ರೂಢಿ ಇದೆಯಲ್ಲ, ಈ ಒಂದಕ್ಕೂ ನೋಡಿಕೊಳ್ಳಿ. ಆ ದಿನದ ಇಳಿತ ಯಾವಾಗ ಎಂದು ಮೀನುಗಾರರನ್ನು ಕೇಳಿ ಹೊರಡಿ. ಎಲ್ಲಿಯೂ ಮೊಣಕಾಲಿನಿಂದ ಮುಂದಕ್ಕೆ ನೀರಿಗಿಳಿಯಬೇಡಿ. ಬಂಡೆಗಳ ಮಧ್ಯದ ಸೆಳೆತ ಕಣ್ಣಿಗೆ ಕಾಣುವುದಿಲ್ಲ. ಮಳೆಗಾಲದಲ್ಲಂತೂ ಈ ದಾರಿಯ ಯೋಚನೆಯೇ ಬೇಡ. ನವೆಂಬರಿನಿಂದ ಫೆಬ್ರವರಿ ತನಕ ಹಿತ.

ಪ್ಯಾರಡೈಸ್ ತೀರದಿಂದ ಮೇಲೆ ಹತ್ತಿದರೆ ಬೇಲೆಕಾನ ಎಂಬ ಹಳ್ಳಿ, ಅಲ್ಲಿಂದ ಗೋಕರ್ಣಕ್ಕೆ ವಾಹನ ಸಿಗುತ್ತದೆ. ಇನ್ನೂ ಕಸುವಿದ್ದರೆ ತದಡಿಗೆ ಹೋಗಿ ಅಘನಾಶಿನಿಯನ್ನು ದೋಣಿಯಲ್ಲಿ ದಾಟಬಹುದು. 2024ರಲ್ಲಿ ರಾಮ್ಸರ್ ತಾಣದ ಪಟ್ಟಿಗೆ ಸೇರಿದ ಅಳಿವೆ ಇದೇ. ನೀರು ಇಳಿದಾಗ ಹೆಂಗಸರು ಸೊಂಟ ಬಗ್ಗಿಸಿ ಬಳಚು ಆರಿಸುತ್ತಿರುತ್ತಾರೆ. ಆಚೆ ದಡದಿಂದ ಕುಮಟಾ ದಾರಿ. ಬೇಸಿಗೆಯ ಸುರುವಿಗೆ ಹೋದರೆ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದ ಸಿಹಿ ಈರುಳ್ಳಿ ತೂಗುಹಾಕಿರುತ್ತಾರೆ. ಒಂದು ಜಡೆ ತಂದು ಅಡಿಗೆಮನೆಯಲ್ಲಿ ಗಾಳಿಯಾಡುವ ಕಡೆ ನೇತುಹಾಕಿ, ಬಹಳ ದಿನ ಬರುತ್ತದೆ.