ಕಿರಾಣಿ ಅಂಗಡಿಯಲ್ಲಿ ಕೇಳಿಬಂದ ಹದೀಸ್

2005ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ನಮ್ಮ ಮೊಹಲ್ಲಾದ ಸ್ಥಾನ ಮಹಿಳೆಗೆ ಮೀಸಲಾಯಿತು. ನಮ್ಮ ಆಪಾ ಎಸ್ಸೆಸ್ಸೆಲ್ಸಿ ಪಾಸಾದವಳು. ಬೀಡಿ ಕಟ್ಟುವ ಹೆಂಗಸರ ಪಡಿತರ ಚೀಟಿ, ವಿಧವಾ ವೇತನದ ಅರ್ಜಿಗಳನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. ಚುನಾವಣೆಗೆ ನಿಲ್ಲು ಎಂದು ಆ ಹೆಂಗಸರೇ ಒತ್ತಾಯಿಸಿದರು. ನಾಮಪತ್ರದ ಫಾರಂ ತಂದುಕೊಟ್ಟವರು ನಾವೇ.

ಮರುದಿನ ಕಿರಾಣಿ ಅಂಗಡಿಯಲ್ಲಿ ಹಿರಿಯರೊಬ್ಬರು, ಹೆಣ್ಣಿಗೆ ಆಡಳಿತ ಒಪ್ಪಿಸಿದ ಜನಕ್ಕೆ ಏಳಿಗೆಯಿಲ್ಲ ಎಂಬರ್ಥದ ಹದೀಸ್ ಹೇಳಿದರು. ಅಂಗಡಿಯಲ್ಲಿದ್ದವರೆಲ್ಲ ತಲೆದೂಗಿದರು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಾವು ಸಕ್ಕರೆ ಕಟ್ಟಿಸಿಕೊಂಡು ಸುಮ್ಮನೆ ಮನೆಗೆ ಬಂದೆವು. ಆಪಾ ಫಾರಂ ಮಡಚಿ ಟ್ರಂಕಿನಲ್ಲಿಟ್ಟಳು.

ಎಷ್ಟೋ ವರ್ಷಗಳ ನಂತರ ಫಾತಿಮಾ ಮೆರ್ನಿಸ್ಸಿಯವರ ಪುಸ್ತಕ ಕೈಗೆ ಸಿಕ್ಕಿತು. 1940ರಲ್ಲಿ ಮೊರೊಕ್ಕೋದ ಫೆಜ್ ನಗರದಲ್ಲಿ ಹುಟ್ಟಿ, ರಬಾತ್‌ನ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿ, 2015ರಲ್ಲಿ ತೀರಿಕೊಂಡ ವಿದ್ವಾಂಸೆ ಅವರು. 1987ರ ಆ ಪುಸ್ತಕ ಶುರುವಾಗುವುದೇ ಕಿರಾಣಿ ಅಂಗಡಿಯಲ್ಲಿ! ಹೆಣ್ಣು ಮುಸ್ಲಿಮರ ನಾಯಕಿಯಾಗಬಹುದೇ ಎಂದು ಅವರು ಅಂಗಡಿಯವನನ್ನು ಕೇಳುತ್ತಾರೆ. ಅವನು ಬೆಚ್ಚಿಬೀಳುತ್ತಾನೆ. ಪಕ್ಕದಲ್ಲಿದ್ದ ಶಾಲಾ ಮಾಸ್ತರರು ಅದೇ ಹದೀಸ್ ಹೇಳುತ್ತಾರೆ. ಡಾಕ್ಟರೇಟ್ ಪಡೆದ ಪ್ರಾಧ್ಯಾಪಕಿಗೂ ಉತ್ತರ ತೋಚದೆ ಅಂಗಡಿಯಿಂದ ಹೊರಬೀಳುತ್ತಾರೆ. ಓದಿ ನಮಗೆ ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣ ನಾಚಿಕೆಯಾಯಿತು. ಏಕೆಂದರೆ ಅವರು ಅಂಗಡಿಯಿಂದ ಹೋದದ್ದು ಗ್ರಂಥಗಳ ಕಡೆಗೆ.

ಬುಖಾರಿಯಲ್ಲಿರುವ ಆ ಹದೀಸ್‌ನ ವರದಿಗಾರ ಅಬೂಬಕ್ರಾ. ಪರ್ಷಿಯನ್ನರು ಕಿಸ್ರಾನ ಮಗಳನ್ನು ಸಿಂಹಾಸನಕ್ಕೇರಿಸಿದ ಸುದ್ದಿ ಬಂದಾಗ ಪ್ರವಾದಿ(ಸ)ಯವರು ಆಡಿದ ಮಾತೆಂದು ಅದು ದಾಖಲಾಗಿದೆ. ಆದರೆ ಅಬೂಬಕ್ರಾರಿಗೆ ಅದು ನೆನಪಾದದ್ದು ದಶಕಗಳ ನಂತರ, ಕ್ರಿ.ಶ. 656ರ ಜಮಲ್ ಯುದ್ಧದ ಸಂದರ್ಭದಲ್ಲಿ. ಆ ಯುದ್ಧದಲ್ಲಿ ಸೋತವರು ಹ. ಆಯಿಶಾ(ರ). ಆಗಲೇ ಏಕೆ ನೆನಪಾಯಿತು ಎಂಬುದು ಮೆರ್ನಿಸ್ಸಿಯವರ ಪ್ರಶ್ನೆ. ಅವರ ತೀರ್ಮಾನವನ್ನು ಒಪ್ಪದ ಉಲೇಮಾಗಳು ಬಹಳ. ಒಪ್ಪದಿರಲಿ. ಆದರೆ ಯಾರು ಹೇಳಿದರು, ಯಾವಾಗ ಹೇಳಿದರು ಎಂದು ವಿಚಾರಿಸುವುದು ಹದೀಸ್ ವಿದ್ವಾಂಸರೇ ನಮಗೆ ಕಲಿಸಿದ ಪದ್ಧತಿಯಲ್ಲವೇ?

1988ರಲ್ಲಿ ಬೇನಜೀರ್ ಪಾಕಿಸ್ತಾನದ ಪ್ರಧಾನಿಯಾದಾಗ, ಇಸ್ಲಾಮಿನ ಇತಿಹಾಸದಲ್ಲಿ ಹೆಣ್ಣು ಆಳಿದ್ದೇ ಇಲ್ಲ ಎಂದವರಿದ್ದರು. ಮೆರ್ನಿಸ್ಸಿ 1990ರಲ್ಲಿ ಮರೆತುಹೋದ ರಾಣಿಯರ ಕುರಿತ ಗ್ರಂಥ ತಂದರು. 1236ರಿಂದ 1240ರವರೆಗೆ ದೆಹಲಿಯನ್ನಾಳಿದ ರಜಿಯಾ ಅದರಲ್ಲಿದ್ದಾಳೆ. ನಾವಾದರೂ ಅಷ್ಟು ದೂರ ಏಕೆ ಹೋಗಬೇಕು? 1580ರಲ್ಲಿ ಗಂಡ ಕೊಲೆಯಾದ ಮೇಲೆ ಬಾಲಕ ಇಬ್ರಾಹೀಮ್ ಆದಿಲ್‌ಶಾಹನ ಪರವಾಗಿ ನಮ್ಮ ಬಿಜಾಪುರದ ಆಡಳಿತ ನೋಡಿಕೊಂಡವಳು ಚಾಂದ್‌ಬೀಬಿ.

ಮೆರ್ನಿಸ್ಸಿ ಗ್ರಂಥಗಳಲ್ಲೇ ಉಳಿಯಲಿಲ್ಲ. ನೇಕಾರ ಹೆಂಗಸರು, ಮನೆಗೆಲಸದವರ ಬಳಿ ಕುಳಿತು ಅವರ ಬದುಕನ್ನು ಅವರ ಮಾತಿನಲ್ಲೇ ಬರೆದುಕೊಂಡರು. ತಮ್ಮ ಕತೆಯನ್ನು ತಾವೇ ಬರೆಯಲು ಜನರಿಗೆ ಕಮ್ಮಟಗಳನ್ನು ನಡೆಸಿದರು.

ಇದನ್ನೆಲ್ಲ ಆಪಾಳಿಗೆ ಉತ್ಸಾಹದಿಂದ ಹೇಳಿದೆವು. ಅವಳು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡು, "ಆ ಬೀಬಿ ಹುಡುಕಿದ್ದು ಒಳ್ಳೇದಾಯ್ತು ಬಾಬಾ. ಆದ್ರೆ ನಾನು ಅವತ್ತು ಕಿತಾಬಿಗೆ ಹೆದರಲಿಲ್ಲ. ನೀನು ಅಂಗಡಿಯಿಂದ ಏನೂ ಮಾತಾಡದೆ ವಾಪಸ್ ಬಂದೆಯಲ್ಲ, ಅದಕ್ಕೆ ಹೆದರಿದೆ" ಎಂದಳು.

ಹೆಣ್ಣಿನ ಹಕ್ಕಿನ ಬಗ್ಗೆ ಕತೆ ಬರೆದು ಚಪ್ಪಾಳೆ ಗಿಟ್ಟಿಸಿದ ನಮಗೆ ಇದಕ್ಕೆ ಉತ್ತರವಿರಲಿಲ್ಲ. ಅಂದು ನಾವು ಪಂಡಿತರಾಗಬೇಕಿರಲಿಲ್ಲ. "ಚಾಚಾ, ಅದು ಯಾವಾಗ ಹೇಳಿದ ಮಾತು?" ಎಂದು ಅದಬಿನಿಂದ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. 2010ರಿಂದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿದೆ. ಆ ಹದೀಸ್ ಮತ್ತೆ ಯಾವುದಾದರೂ ಅಂಗಡಿಯಲ್ಲಿ ಕೇಳಿಬರುತ್ತದೆ. ಪ್ರಶ್ನೆ ಕೇಳುವವರೂ ಅಲ್ಲಿರಬೇಕು.