ಬಿಗಿ ಬಿಡುವ ಪಾಠ

9 ಡಿಸೆಂಬರ್ 2024, ಸೋಮವಾರ
ಬೂದಿಗೆರೆಯಿಂದ ಬೆಳಗಿನ ಬಸ್ಸಿಗೆ ಹೊರಟು ಬೆಂಗಳೂರಿನ ಆಸ್ಪತ್ರೆಗೆ ಹೋಗಿಬಂದೆವು. ಮಲಬದ್ಧತೆಗೆ ಹರಳೆಣ್ಣೆ, ಇಸಬ್‌ಗೋಲು, ಸಿರಪ್ಪು ಎಲ್ಲಾ ಆಗಿದೆ. ದಿನಾ ಮುದ್ದೆ, ಸೊಪ್ಪಿನ ಸಾರು ಉಣ್ಣುವವಳಿಗೆ ನಾರಿನ ಕೊರತೆ ಅನ್ನುವ ಹಾಗೂ ಇಲ್ಲ. ಇವತ್ತು ಗುದದೊಳಗೆ ಸಣ್ಣ ನಳಿಗೆ ಇಟ್ಟು ಒಳಗಿನ ಒತ್ತಡ ಅಳೆದರು. ಆಮೇಲೆ 50 ಮಿಲಿ ನೀರು ತುಂಬಿದ ಬಲೂನನ್ನು ಹೊರಗೆ ಹಾಕಿ ಎಂದರು. ಒಂದು ನಿಮಿಷದೊಳಗೆ ಬರಬೇಕಂತೆ, ನನಗೆ ಆಗಲೇ ಇಲ್ಲ. ತಿಣುಕಿದಾಗ ಸಡಿಲವಾಗಬೇಕಾದ ಸ್ನಾಯು ನನ್ನಲ್ಲಿ ಇನ್ನಷ್ಟು ಬಿಗಿಯುತ್ತದೆ. ಔಷಧಿ ಮಲವನ್ನು ಮೆದು ಮಾಡೀತು, ಹಾಕಿಕೊಂಡ ಬಾಗಿಲನ್ನು ತೆಗೆಯಲಾರದು.

10 ಡಿಸೆಂಬರ್
"ತಡೆದುಕೊಳ್ಳುವ ಅಭ್ಯಾಸ ಇತ್ತೇನಮ್ಮ?" ಎಂದು ಡಾಕ್ಟರಮ್ಮ ಕೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಕಕ್ಕಸು ಇರಲಿಲ್ಲ. ಅತ್ತೆ, ನಾದಿನಿ, ನಾನು ಕತ್ತಲಾಗುವವರೆಗೆ ಕಾದು ಚೊಂಬು ಹಿಡಿದು ತೋಪಿನ ಕಡೆ ಹೋಗುತ್ತಿದ್ದೆವು. ಗಾಡಿಯ ಬೆಳಕು ಬಿದ್ದರೆ ಅರ್ಧಕ್ಕೇ ಎದ್ದು ನಿಲ್ಲಬೇಕು. ಇದೊಂದೇ ಕಾರಣ ಎಂದು ಹೇಳಲಾಗದು, ಆದರೆ ವರ್ಷಗಟ್ಟಲೆ ತಡೆದರೆ ಮೈ ಹೀಗೂ ಕಲಿಯುತ್ತದೆ ಎಂದರು ಡಾಕ್ಟರಮ್ಮ. ಎಷ್ಟು ಹೆಂಗಸರು ಹೀಗೇ ಬಾಯಿ ಬಿಡದೆ ಬದುಕು ಕಳೆದರೋ! ನೆನೆದರೆ ಸಿಟ್ಟು ಬರುತ್ತದೆ.

30 ಡಿಸೆಂಬರ್
ಸ್ನಾಯು ಸಡಿಲ ಬಿಡಲು ಕಲಿಸುವ ಬಯೋಫೀಡ್‌ಬ್ಯಾಕ್ ತರಬೇತಿ ಅಂದರೆ ಕರೆಂಟು ಕೊಡುತ್ತಾರೇನೋ ಎಂದು ಹೆದರಿದ್ದೆ. ಹಾಗೇನಿಲ್ಲ. ನನ್ನದೇ ಸ್ನಾಯುವಿನ ಬಿಗಿ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಬಿಗಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. "ಹೊಟ್ಟೆ ತುಂಬ ಉಸಿರು ತಗೊಳ್ಳಿ ಅಮ್ಮ, ಕೆಳಗೆ ಸಡಿಲ ಬಿಡಿ" ಎನ್ನುತ್ತಾ ತರಬೇತಿ ಕೊಡುವ ಹುಡುಗಿ ತಾಳ್ಮೆಯಿಂದ ಕೂತಿದ್ದಳು. ಗೆರೆ ಇಳಿದದ್ದನ್ನು ಕಣ್ಣಾರೆ ಕಂಡು ಅಳು ಬಂತು. 2006ರಲ್ಲಿ ಇಟಲಿಯ ವೈದ್ಯರು ಇಂಥದೇ ತೊಂದರೆಯಿದ್ದ 109 ಮಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದ್ದಾರಂತೆ, ಮಗಳು ಓದಿ ಹೇಳಿದಳು. ಆರು ತಿಂಗಳ ಬಳಿಕ ನೋಡಿದಾಗ, ಈ ತರಬೇತಿ ಪಡೆದವರಲ್ಲಿ ನೂರಕ್ಕೆ 80 ಮಂದಿಗೆ ದೊಡ್ಡ ಸುಧಾರಣೆ, ಮಲ ಸಡಿಲಿಸುವ ಔಷಧಿ ತೆಗೆದುಕೊಂಡವರಲ್ಲಿ ನೂರಕ್ಕೆ 22 ಮಂದಿಗೆ.

20 ಜನವರಿ 2025
ಬೆಳಗಿನ ತಿಂಡಿ ಆದಮೇಲೆ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತು ತಪ್ಪಿಸಬಾರದು. ಮಂಡಿನೋವಿಗೆಂದು ಕಮೋಡು ಹಾಕಿಸಿದ್ದೆವು. ಈಗ ಕಾಲ ಕೆಳಗೆ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲಿರುವಂತೆ ಕೂರುತ್ತೇನೆ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದುಬರುವುದು, ತಿಣುಕುವಂತಿಲ್ಲ. ಪೂರ್ತಿ ಸರಿಹೋಗಿಲ್ಲ, ಆದರೂ ಅವರೆಕಾಳಿನ ಸಾರನ್ನು ಹೆದರದೆ ಉಂಡೆ.

ಸಂಜೆ ಮೊಮ್ಮಗಳು ಹೇಳಿದಳು: ಸ್ಕೂಲಿನ ಕಕ್ಕಸಿಗೆ ಚಿಲಕವಿಲ್ಲವಂತೆ, ಮನೆಗೆ ಬರುವವರೆಗೆ ತಡೆದುಕೊಳ್ಳುತ್ತಾಳಂತೆ. ನಾಳೆ ಬೆಳಗ್ಗೆಯೇ ಹೆಡ್‌ಮಾಸ್ಟರನ್ನು ಕಾಣುತ್ತೇನೆ. ಅಲ್ಲಿಂದ ಆಗದಿದ್ದರೆ ಚಿಲಕ ನಾನೇ ಕೊಂಡು ಹಾಕಿಸುತ್ತೇನೆ.